ನಾನು ಕೇಳದೆ ಬಿಟ್ಟದ್ದು

ಕೇಳುವುದೇ ಕಸುಬಾದವರಿಗೆ ಆಗಾಗ ಕಿವಿ ಕೈಕೊಡುವುದು ಇದ್ದದ್ದೇ. ಹೊಸಕೋಟೆಯಲ್ಲಿ ಔಷಧಿ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ನಾನು ಆಪ್ತಸಮಾಲೋಚಕಿ. ಇಲ್ಲಿ ನಡೆದದ್ದನ್ನು ಹೇಳಿದರೆ ಗೆಳತಿಯರು ನಗುತ್ತಾರೆ. ನನಗೂ ನಗು ಬರುತ್ತದೆ, ನಾಚಿಕೆಯಾದ ಮೇಲೆ.

೧. ಹಾವು

ಆಗಷ್ಟೇ ಮನೋವಿಶ್ಲೇಷಣೆ ಓದಿ ಮುಗಿಸಿದ್ದೆ. ಇವತ್ತಿನ ನೋವಿನ ಬೇರು ಬಾಲ್ಯದಲ್ಲಿದೆ, ಅದುಮಿಟ್ಟ ಆಸೆಗಳು ಕನಸಿನಲ್ಲಿ ವೇಷ ಹಾಕಿಕೊಂಡು ಬರುತ್ತವೆ ಎಂದು ಪೂರ್ತಿ ನಂಬಿದ್ದ ಕಾಲ. ಅನುಗೊಂಡನಹಳ್ಳಿ ಕಡೆಯ ಹೆಂಗಸೊಬ್ಬರು ಬಂದು, ದಿನಾ ಕನಸಲ್ಲಿ ಹಾವು ಬರುತ್ತೆ, ನಿದ್ದೆಯೇ ಇಲ್ಲ ಎಂದರು. ಹಿತ್ತಲಲ್ಲೂ ಏನೋ ಹರಿದಾಡಿದ ಹಾಗಿರುತ್ತೆ ಎಂದು ಶುರು ಮಾಡಿದರು. ನಾನು ಮುಗಿಸಲು ಬಿಡಲಿಲ್ಲ. ಹಾವೆಂದರೆ ಹೇಳಿಕೊಳ್ಳಲಾಗದ ಆಸೆ, ಹೆದರಬೇಡಿ, ಓಡಿಸಲೂ ಹೋಗಬೇಡಿ ಎಂದು ಕಳಿಸಿದೆ.

ಮುಂದಿನ ವಾರ ಬಂದಾಗ ಅವರ ಮುಖ ಬಾಡಿತ್ತು.

"ನೀವು ಹೇಳ್ದಂಗೇ ಓಡಿಸ್ಲಿಲ್ಲ ಮೇಡಂ. ಆ ಆಸೆ ನಮ್ಮ ಎರಡು ಕೋಳಿ ನುಂಗ್ಬಿಡ್ತು."

೨. ಆಯ್ಕೆ

ಆಮೇಲೆ ಕನಸು ಕೆದಕುವುದು ಬಿಟ್ಟು ಅಸ್ತಿತ್ವವಾದ ಓದಿದೆ. ಮನುಷ್ಯ ತನ್ನ ಹಿಂದಿನದರ ಗುಲಾಮನಲ್ಲ, ಕ್ಷಣಕ್ಷಣವೂ ಆಯ್ದುಕೊಳ್ಳುತ್ತಿರುತ್ತಾನೆ, ಆಯ್ದುಕೊಳ್ಳದಿರುವುದೂ ಒಂದು ಆಯ್ಕೆ. ಎಲ್ಲರೂ ಹೇಳಿದಂತೆ ಕುಣಿದು ಸಾಕಾಗಿದೆ ಎಂದ ಗೋಡೌನ್ ಸೂಪರ್‌ವೈಸರ್ ಒಬ್ಬರಿಗೆ ಇಷ್ಟನ್ನೂ ಹೇಳಿದೆ. ಕಣ್ಣರಳಿಸಿ ಕೇಳಿಕೊಂಡು ಹೋದರು.

ಹತ್ತು ದಿನಕ್ಕೆ ಅವರ ಹೆಂಡತಿ ಒಬ್ಬರೇ ಬಂದರು. ಗ್ಯಾಸ್ ಬುಕ್ ಮಾಡಿ ಅಂದರೆ, ಮಾಡದಿರೋದೂ ಒಂದು ಆಯ್ಕೆ ಅನ್ನುತ್ತಾರಂತೆ. ಶಾಲೆಯ ಮೀಟಿಂಗಿಗೆ ಅಪ್ಪ ಬರುತ್ತಾರೆಂದು ಮಗಳು ಗೇಟಿನಲ್ಲೇ ನಿಂತಿದ್ದಳಂತೆ. ಸ್ವಾತಂತ್ರ್ಯದ ಜೊತೆ ಹೊಣೆಯೂ ಇದೆ ಎಂಬ ಉಳಿದರ್ಧ ಪಾಠವನ್ನು ನಾನು ಮುಂದಿನ ಭೇಟಿಗೆ ಇಟ್ಟುಕೊಂಡಿದ್ದೆ.

"ಅವರಿಗೆ ಸ್ವಾತಂತ್ರ್ಯ ಕೊಟ್ಟಿದ್ದು ನೀವಂತೆ. ದಯವಿಟ್ಟು ವಾಪಸ್ ತಗೊಳ್ಳಿ."

೩. ಸೀರೆ

ಕೊನೆಗೆ, ಇವೆರಡರ ಮಡಿಲಲ್ಲೂ ಬೆಳೆದ ಚಿಕಿತ್ಸೆಯೊಂದನ್ನು ಕಲಿತೆ. ಒಳಮನಸ್ಸಿಗೆ ಕಿವಿಗೊಡುವುದನ್ನು ಅದು ಮನೋವಿಶ್ಲೇಷಣೆಯಿಂದ ಪಡೆದಿತ್ತು. ಸಾವು, ಹೊಣೆಗಳ ಮಾತನ್ನು ಅಸ್ತಿತ್ವವಾದದಿಂದ. ಅದರ ಮುಖ್ಯ ಪ್ರಶ್ನೆ ಒಂದೇ: ನೀವು ಬದುಕಿರುವುದು ಯಾತಕ್ಕಾಗಿ?

ಚನ್ನರಾಯಪಟ್ಟಣ ಹೋಬಳಿಯ ಹಿರಿಯರೊಬ್ಬರನ್ನು ಪೇಟೆಯಲ್ಲಿರುವ ಮಗಳು ಕರೆತಂದಳು. ಅವರ ಹೆಂಡತಿ ತೀರಿಕೊಂಡು ಒಂದು ತಿಂಗಳಾಗಿತ್ತು. ಅಪ್ಪ ಬೆಳಗ್ಗೆ, ಸಂಜೆ ಅಮ್ಮನ ಸೀರೆ ಉಟ್ಟುಕೊಂಡು ಹಿತ್ತಲಿಗೆ ಹೋಗ್ತಾರಂತೆ, ಊರವರು ಫೋನ್ ಮಾಡಿ ಹೇಳ್ತಿದ್ದಾರೆ ಎಂದು ಅತ್ತಳು.

ಮೂರು ವಾರ ಅವರೊಡನೆ ಕೂತೆ. ಕೇಳಿದ್ದಕ್ಕೆಲ್ಲ ಮರ್ಯಾದೆಯಿಂದ ಉತ್ತರಿಸಿದರು. ಸಂಜೆಯಾಗುತ್ತಿದ್ದಂತೆ ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದರು. ಅದನ್ನು ಸಾವಿನ ಭಯ ಎಂದು ಬರೆದುಕೊಂಡೆ. ಹೋದವರನ್ನು ಬಿಟ್ಟುಕೊಡಲಾಗದೆ ತಾವೇ ಅವರಾಗಲು ನೋಡುತ್ತಿದ್ದಾರೆ ಎಂದು ತೀರ್ಮಾನಿಸಿ, ಸೀರೆಗಳನ್ನೆಲ್ಲ ನಿಮ್ಮ ಮನೆಗೆ ಒಯ್ದುಬಿಡಿ ಎಂದು ಮಗಳಿಗೆ ಹೇಳಿದೆ.

ನಾಲ್ಕನೆಯ ವಾರ ಅವರು ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದರು. ಹಿತ್ತಲಲ್ಲಿ ಹಾಲು ಕರೆಯಲು ಕೂತಾಗ ಎಮ್ಮೆ ಒದ್ದಿತ್ತು. ಹೆಂಡತಿಯ ಕೈಗೇ ಒಗ್ಗಿದ ಎಮ್ಮೆ. ಆಕೆಯ ಸೀರೆಯ ವಾಸನೆ ಇದ್ದರೆ ಮಾತ್ರ ಹಾಲು ಕೊಡುತ್ತಿತ್ತು. ಇದನ್ನ ಮಾರಬೇಡ, ನೀನೇ ನೋಡ್ಕೋ ಎಂದು ಆಕೆ ಹೋಗುವ ಮುಂಚೆ ಕೈಹಿಡಿದು ಕೇಳಿಕೊಂಡಿದ್ದರಂತೆ. ಈ ಹಿರಿಯರು ಯಾತಕ್ಕಾಗಿ ಬದುಕಿದ್ದರೋ ಅದನ್ನೇ ನಾನು ಚೀಲಕ್ಕೆ ತುಂಬಿಸಿ ಪೇಟೆಗೆ ಕಳಿಸಿದ್ದೆ.

ಸೀರೆಗಳನ್ನು ಇವತ್ತೇ ವಾಪಸ್ ತನ್ನಿ ಎಂದು ಮಗಳಿಗೆ ಕೂತಲ್ಲಿಂದಲೇ ಫೋನ್ ಮಾಡಿದೆ. ಹಿರಿಯರ ಕ್ಷಮೆ ಕೇಳಿ, ಇಷ್ಟು ವಾರ ಇದನ್ನು ಯಾಕೆ ಹೇಳಲಿಲ್ಲ ಎಂದೆ. ಅವರಿಗೆ ನನ್ನ ಮೇಲೆಯೇ ಕನಿಕರ ಬಂದಂತಿತ್ತು.

"ನೀವು ನಮ್ಮವ್ವನ ಬಗ್ಗೆ ಕೇಳಿದ್ರಿ, ಹೇಳ್ದೆ. ಸಾವಿನ ಬಗ್ಗೆ ಕೇಳಿದ್ರಿ, ಹೇಳ್ದೆ. ಬದುಕಿಗೆ ಅರ್ಥ ಏನು ಅಂತಾನೂ ಕೇಳಿದ್ರಿ. ಎಮ್ಮೆ ವಿಷ್ಯ ಒಂದು ದಿನಾನೂ ಕೇಳ್ಲಿಲ್ವಲ್ಲ ಮೇಡಂ."