ಅಣ್ಣನ ತೋಳಿನ ಮೇಲಿನ ಬೆರಳುಗಳು

ಮಾತಾಡಬೇಕಾದಾಗ ನಾನು ಮಾತಾಡಲಿಲ್ಲ. ಹೀಗೆಂದರೆ ನನ್ನನ್ನು ಬಲ್ಲವರು ನಗುತ್ತಾರೆ. ಕಂಪ್ಲಿಯ ಬಸ್ಸು ಹೊಸಪೇಟೆ ಮುಟ್ಟುವಷ್ಟರಲ್ಲಿ ಪಕ್ಕದವನ ಮನೆತನವನ್ನೆಲ್ಲ ಕೇಳಿ, ನಮ್ಮದನ್ನೂ ಹೇಳಿ ಮುಗಿಸುವವನು ನಾನು. ಆದರೆ ನಮ್ಮ ಅತ್ತಿಗೆ ಗಂಡನನ್ನು ಹೊಡೆಯುತ್ತಾಳೆಂದು ಓಣಿಯೆಲ್ಲ ಸುದ್ದಿಯಾದಾಗ, 'ಸುಳ್ಳು' ಅನ್ನಲು ನನಗೆ ಬಾಯಿ ಬರಲಿಲ್ಲ. ಅಂದಿದ್ದರೆ ಮುಂದಿನ ಪ್ರಶ್ನೆ, ಹಾಗಾದರೆ ಹೊಡೆದವರು ಯಾರು?

ನಮ್ಮಣ್ಣನಿಗೆ ಬೆಂಗಳೂರಿನಲ್ಲಿ ಹೃದಯದ ಕವಾಟ ಬದಲಿಸಿದ್ದರು. ಅಕ್ಕಿ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುವವನಾದ್ದರಿಂದ "ವಾಲ್ವ್ ಹೋಗಿತ್ತು, ಹೊಸಾದು ಹಾಕ್ಯಾರ" ಎಂದು ಪಂಪ್‌ಸೆಟ್ಟಿನ ಸುದ್ದಿಯಂತೆ ಹೇಳುತ್ತಿದ್ದ. ಅದರ ಮೇಲೆ ರಕ್ತ ಹೆಪ್ಪುಗಟ್ಟದಿರಲು ದಿನಾ ಒಂದು ಗುಳಿಗೆ, ಜೀವ ಇರುವ ತನಕ. ಬಿಟ್ಟರೆ ಕವಾಟ ಕಚ್ಚಿಕೊಳ್ಳುತ್ತದೆ, ನುಂಗಿದರೆ ರಕ್ತ ತೆಳುವಾಗುತ್ತದೆ, ಪೆಟ್ಟು ಬೀಳಬಾರದು ಎಂದು ಡಾಕ್ಟರು ನನ್ನೆದುರೇ ಹೇಳಿದ್ದರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಗರಡಿಮನೆ ಸೇರಿದ ನನ್ನ ಲೆಕ್ಕದಲ್ಲಿ ಪೆಟ್ಟು ಬೇರೆ, ಮೈ ತಿಕ್ಕುವುದು ಬೇರೆ. ಅಣ್ಣ "ಮಲಗಿ ಮಲಗಿ ತೋಳು ಹಿಡದಾವಲೇ" ಅಂದದ್ದೇ ತಡ, ಅತ್ತಿಗೆ ಸಂತೆಗೆ ಹೋದ ಹೊತ್ತಿನಲ್ಲಿ ಎಣ್ಣೆ ಬಿಸಿ ಮಾಡಿ, ಕುಸ್ತಿಗೆ ಇಳಿಯುವವರಿಗೆ ತಿಕ್ಕುವಂತೆ ತಿಕ್ಕಿದೆ. ಅಣ್ಣ ಸುಖವಾಗಿ ಗೊರಕೆ ಹೊಡೆದ.

ಮರುದಿನ ತೋಳ ತುಂಬ ನೀಲಿ ಗುರುತು. ಸುಖದ ತಿಕ್ಕಾಟಕ್ಕೂ ಇದಕ್ಕೂ ಅಣ್ಣ ಗಂಟು ಹಾಕಲಿಲ್ಲ. ಅವು ನನ್ನ ಬೆರಳಿನ ಗುರುತೆಂದು ನನಗೆ ಮಾತ್ರ ನೋಡಿದ ಕೂಡಲೇ ಗೊತ್ತಾಯಿತು. ಅಷ್ಟರಲ್ಲಿ ಎದುರುಮನೆ ಗಂಗಮ್ಮ ಅಣ್ಣನನ್ನು ಮಾತಾಡಿಸಲು ಬಂದಳು.

"ಏನಪಾ ಬಸಣ್ಣ, ತೋಳು ನೇರಳೆಹಣ್ಣು ಆಗ್ಯಾವಲ್ಲ?"

"ಒಳಗ ಕೇಳ್ರಿ, ಆಕಿ ಕೊಟ್ಟ ಪ್ರಸಾದ" ಎಂದು ಅಣ್ಣ ಅಡುಗೆಮನೆ ಕಡೆ ಕಣ್ಣು ಹೊಡೆದ.

ಅಣ್ಣನ ಚೇಷ್ಟೆ ಸಂಜೆ ಓಣಿಯ ನಲ್ಲಿ ಹತ್ತಿರ ಹೋಗುವಷ್ಟರಲ್ಲಿ ಸತ್ಯವಾಗಿತ್ತು. "ಬೆರಳು ಎಷ್ಟು ದಪ್ಪ ಮೂಡ್ಯಾವು! ಆಕಿ ಕೈ ನೋಡಿದ್ರ ಸಣ್ಣದು" ಎಂದಳು ಒಬ್ಬಳು. "ಸಿಟ್ಟು ಬಂದಾಗ ಉಬ್ಬತಾವ ಬಿಡ್ರಿ" ಎಂದಳು ಇನ್ನೊಬ್ಬಳು. ಅತ್ತಿಗೆ ನಾಚಿಕೆಯಿಂದ ನೀರಿಗೆ ಹೋಗುವುದನ್ನೇ ಬಿಟ್ಟಳು. ನಾನು ಕೊಡ ಹೊತ್ತೆ. "ಪಾಪ, ಮೈದುನ ಅಂದ್ರ ಹಿಂಗಿರಬೇಕು" ಎಂದು ಹೊಗಳಿಸಿಕೊಂಡೆ ಕೂಡ.

ಒಂದು ದಿನ ಅತ್ತಿಗೆ ಅತ್ತುಬಿಟ್ಟಳು. "ನಾ ಕೈ ಹಚ್ಚಿಲ್ಲ. ಇದು ಆ ಗುಳಿಗಿ ಕೆಲಸನ ಇರಬೇಕು."

ಅಣ್ಣ ಗಂಭೀರನಾದ. "ನಿನ್ನ ಹೆಸರು ಕೆಡಿಸೋ ಗುಳಿಗಿ ನನಗ್ಯಾಕ? ಇವತ್ತಿಂದ ಬಿಟ್ಟೆ."

"ಗುಳಿಗಿ ಬಿಡಬ್ಯಾಡ, ತಿಕ್ಕಿದಾವ ನಾನ" ಎಂದು ನೆಲಕ್ಕೆ ಹೇಳುವಂತೆ ಹೇಳಿದೆ. ಅಣ್ಣ ಹೊಲಿಗೆ ಹಾಕಿದ ಎದೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಕ್ಕ. ಅತ್ತಿಗೆ ನಗಲಿಲ್ಲ. ಅವನಿಗೆ ಗುಳಿಗೆ ನುಂಗಿಸಿ ನನ್ನ ಕಡೆ ತಿರುಗಿದಳು.

"ನಾಳೆ ಡಾಕ್ಟರಿಗೂ ಫೋನ್ ಹಚ್ಚಿ ಇದನ್ನ ಹೇಳು. ಈಗ ಕೊಡ ತಗೋ ಪೈಲ್ವಾನ. ನನ್ನ ಹೆಸರು ಹೋಗಿದ್ದು ನಲ್ಲಿ ಹತ್ರ. ನೀ ಇಲ್ಲಿ ಒಲಿ ಮುಂದ ಗೊಣಗಿದ್ರ ವಾಪಸ್ ಬರತದೇನು?"

ನಲ್ಲಿ ಹತ್ತಿರ ಓಣಿಯ ಹೆಂಗಸರೆಲ್ಲ ಇದ್ದರು. ನನ್ನ ಹಿಂದೆ ಅತ್ತಿಗೆ. ಅಖಾಡದಲ್ಲಿ ಬೆನ್ನು ಮಣ್ಣಿಗೆ ಹತ್ತಿದಾಗಲೂ ನಾನು ಹಾಗೆ ಬೆವತಿರಲಿಲ್ಲ. ಏನೋ ಅಂದೆ, ನನಗೇ ಕೇಳಲಿಲ್ಲ. "ನೀರಿನ ಸಪ್ಪಳಕ್ಕ ಕೇಳವಲ್ದು, ತಡೀ" ಎಂದು ಗಂಗಮ್ಮ ನಲ್ಲಿ ತಿರುವಿ ಬಂದ್ ಮಾಡಿದಳು. ಕೊಡಗಳೆಲ್ಲ ಬಾಯಿ ತೆರೆದು ಕೂತವು. ನಾನು ಅತ್ತಿಗೆಯ ಕಡೆ ತಿರುಗಿ, ಓಣಿಯ ಆ ತುದಿಗೂ ಕೇಳುವಂತೆ ಹೇಳಿದೆ:

"ತಪ್ಪಾತ್ರಿ ಅತ್ತಿಗಿ! ಅಣ್ಣನ ತೋಳಿನ ಮ್ಯಾಗಿನ ಬೆರಳು ನನ್ನವು. ನಿಮ್ಮನ್ನ ಎಲ್ಲಾರೂ ಆಡಿಕೊಳ್ಳಾಕತ್ತಿದ್ದಾಗ ನಾ ಸುಮ್ಮನ ನಿಂತು ಕೇಳಿದೆ. ನನ್ನ ಕ್ಷಮಿಸ್ರಿ."