ಗೇರ್‌ಬಾಕ್ಸಿನ ತಾಮ್ರದ ಬಿಲ್ಲೆ

ನಮ್ಮ ಮನೆಯಲ್ಲಿ ಇಂಗ್ಲಿಷ್ ಓದಲು ಬರುತ್ತಿದ್ದವನು ನಾನೊಬ್ಬನೇ. ಅದರಿಂದ ಮನೆಗೆ ಆದ ಉಪಕಾರ ಯಾವುದೂ ನೆನಪಿಲ್ಲ. ಬಸ್ಸಿಗೆ ಆದ ಅಪಕಾರ ಮಾತ್ರ ಚೆನ್ನಾಗಿ ನೆನಪಿದೆ. ಅಚ್ಚಾದ ಅಕ್ಷರ ಕಂಡರೆ ನನಗೆ ಮೊದಲಿನಿಂದಲೂ ಭಯಭಕ್ತಿ. ಎಣ್ಣೆ ಮೆತ್ತಿದ ಕೈಯವರು ಹೇಳಿದ್ದಕ್ಕಿಂತ, ಆ ಕೈ ಎಂದೂ ಮುಟ್ಟದ ಪುಸ್ತಕ ಹೇಳಿದ್ದೇ ಸತ್ಯವೆಂದು ನಂಬಿದ್ದ ವಯಸ್ಸು ಅದು. ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಎರಡು ಸಲ ಡುಮ್ಕಿ ಹೊಡೆದು ಮಳವಳ್ಳಿಗೆ ಮರಳಿದ್ದೆ. ನನ್ನನ್ನು ಏನು ಮಾಡುವುದೆಂದು ತಿಳಿಯದೆ ಅಪ್ಪ ತಮ್ಮ ಒಂದೇ ಒಂದು ಬಸ್ಸಿನ ಉಸ್ತುವಾರಿಗೆ ಹಾಕಿದ್ದರು.

ಆ ಬಸ್ಸು ಮಳವಳ್ಳಿಗೂ ಮದ್ದೂರಿಗೂ ನಡುವೆ ಓಡಾಡುತ್ತಿತ್ತು. ಓಡಾಡುತ್ತಿತ್ತು ಎನ್ನುವುದು ಅಭಿಮಾನದ ಮಾತು. ಯುದ್ಧದ ಕಾಲ, ಪೆಟ್ರೋಲಿಗೆ ರೇಷನ್ನು. ಬಸ್ಸಿನ ಬೆನ್ನಿಗೆ ಹಂಡೆಯಂಥ ಒಲೆ ಕಟ್ಟಿ, ಇದ್ದಿಲು ಸುಟ್ಟು, ಆ ಗ್ಯಾಸಿನಲ್ಲಿ ಎಂಜಿನ್ನು ನಡೆಸುತ್ತಿದ್ದೆವು. ದಿಣ್ಣೆ ಬಂದರೆ ಗಂಡಸರು ತಾವಾಗಿಯೇ ಇಳಿದು ತಳ್ಳುತ್ತಿದ್ದರು. ಹೆಂಗಸರು ಒಳಗೇ ಕೂತು ತಳ್ಳಲು ಬಲ ಸಾಲದ ಗಂಡಸರನ್ನು ಹೆಸರು ಹಿಡಿದು ಹುರಿದುಂಬಿಸುತ್ತಿದ್ದರು. ಇದ್ದಿಲ ಮಸಿ ಹತ್ತಿದ ಆ ಮುಖಗಳು ಈಗ ಕಾರಿನ ಮೆತ್ತನೆ ಸೀಟಿನಲ್ಲಿ ಕೂತಾಗಲೆಲ್ಲ ಕಣ್ಣೆದುರು ಬರುತ್ತವೆ. ಅಷ್ಟು ಜನ ಸೇರಿ ಒಂದು ಬಸ್ಸನ್ನು ಪ್ರೀತಿಸಿದ್ದನ್ನು ನಾನು ಮತ್ತೆಲ್ಲೂ ಕಾಣಲಿಲ್ಲ.

ಡ್ರೈವರೂ ಮೆಕ್ಯಾನಿಕ್ಕೂ ಎರಡೂ ಆಗಿದ್ದವರು ಗೌಸ್ ಸಾಬರು. ಏನನ್ನೂ ಎಸೆಯದ ಮನುಷ್ಯ. ಈ ವಿಷಯದಲ್ಲಿ ಅವರಿಗೆ ಸಮನೆಂದರೆ ನಮ್ಮಮ್ಮ ಒಬ್ಬಳೇ. ಅಪ್ಪನ ಪಂಚೆ ಹರಿದರೆ ಅದು ಅಮ್ಮನ ಕೈಯಲ್ಲಿ ಟವೆಲ್ಲಾಗುತ್ತಿತ್ತು, ಟವೆಲ್ಲು ಹರಿದರೆ ಮಸಿಬಟ್ಟೆ, ಮಸಿಬಟ್ಟೆ ಸವೆದರೆ ಲಾಂದ್ರದ ಗಾಜು ಒರೆಸುವ ಚಿಂದಿ. ನಮ್ಮ ಮನೆಯ ಪಂಚೆಗಳಿಗೆ ಸಾವೆಂಬುದೇ ಇರಲಿಲ್ಲ.

ತಂಗಿ ಜಯಳ ಮದುವೆಗೆ ವಾರವಿದ್ದಾಗ ಸಾಬರು ನಾಲೆಯ ಪಕ್ಕ ಬಸ್ಸು ನಿಲ್ಲಿಸಿ ಗೇರ್‌ಬಾಕ್ಸಿನ ಆಯಿಲ್ ಬದಲಾಯಿಸಲು ಕೂತರು. ಗೇರ್‌ಬಾಕ್ಸಿನ ತಳದಲ್ಲಿ ಒಂದು ತಿರುಪು. ಬಿಚ್ಚಿದರೆ ಹಳೆಯ ಆಯಿಲ್ ಇಳಿಯುತ್ತದೆ. ತಿರುಪಿನ ಕೊರಳಲ್ಲಿ ಉಂಗುರದಂಥ ತಾಮ್ರದ ಬಿಲ್ಲೆ. ಆಯಿಲ್ ಸೋರದಂತೆ ತಡೆಯುವುದು ಅದರ ಕೆಲಸ. ಸಾಬರು ಆ ಬಿಲ್ಲೆಯನ್ನು ಇದ್ದಿಲ ಕೆಂಡದಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರು. ಚುಂಯ್ ಎಂದಿತು. ನಾನು ಕೈಯಲ್ಲಿದ್ದ ಬಸ್ಸಿನ ಇಂಗ್ಲಿಷ್ ಕೈಪಿಡಿಯನ್ನು ಎತ್ತಿ ಹಿಡಿದೆ. "ಸಾಬರೇ, ಆಯಿಲ್ ಬದಲಾಯಿಸಿದಾಗಲೆಲ್ಲ ಬಿಲ್ಲೆ ಹೊಸದೇ ಹಾಕಬೇಕು ಅಂತ ಇದೆ ಇಲ್ಲಿ."

"ಇರ್ಲಿ ಬುಡಿ ಚಿಕ್ಕೆಜಮಾನ್ರೇ. ಕಾಯ್ಸಿದ್ರೆ ಮೆತ್ತಗಾಯ್ತದೆ, ಒಸದರಂಗೇ ಕಚ್ಕೊಂಡು ಕೂತ್ಕತದೆ. ಐದು ವರ್ಸದಿಂದ ಇದೇ ಬಿಲ್ಲೆ."

ಐದು ವರ್ಷ! ನನ್ನ ವಿದ್ಯಾಭ್ಯಾಸಕ್ಕೆ ಅವಮಾನವಾದಂತಾಯಿತು. ಬಿಲ್ಲೆಯನ್ನು ಅವರ ಕೈಯಿಂದ ಕಿತ್ತು ನಾಲೆಗೆ ಎಸೆದೆ. ಸೋಸಿ ಮತ್ತೆ ಬಳಸಬಹುದೆಂದು ಅವರು ಡಬ್ಬದಲ್ಲಿ ಹಿಡಿದಿದ್ದ ಹಳೆಯ ಆಯಿಲನ್ನೂ ಚೆಲ್ಲುವಂತೆ ಅಪ್ಪಣೆ ಮಾಡಿದೆ. ಸಾಬರು ನಾಲೆಯ ನೀರನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. "ಈಗ ಏನ್ ಆಕ್ಲಿ?" ಎಂದರು.

ಬೆಂಗಳೂರಿನ ಅಂಗಡಿಗೆ ಕಾಗದ ಬರೆದೆ. ಯುದ್ಧ ಮುಗಿದ ಮೇಲೆ ವಿಚಾರಿಸಿ ಎಂದು ಉತ್ತರ ಬಂತು. ಹಿಟ್ಲರನಿಗೂ ನಮ್ಮ ಬಿಲ್ಲೆಗೂ ಸಂಬಂಧವಿದೆಯೆಂದು ನನಗೆ ಗೊತ್ತಾದದ್ದು ಆವತ್ತೇ. ಕೊನೆಗೆ ಮದುವೆಗೆಂದು ಹೊಲಿಸಿದ್ದ ಹೊಸ ಚಪ್ಪಲಿಯ ಅಟ್ಟೆಯಿಂದ ಬಿಲ್ಲೆ ಕತ್ತರಿಸಿ ಸಾಬರಿಗೆ ಕೊಟ್ಟೆ. "ಬಿಸಿ ಏರುದ್ರೆ ಇದು ನಿಲ್ಲಾಕಿಲ್ಲ" ಎಂದರು. "ಎರಡು ದಿನ ನಿಂತರೆ ಸಾಕು" ಎಂದೆ. ಬೇರೆ ಏನೂ ಇಲ್ಲದ್ದರಿಂದ ಅದನ್ನೇ ಹಾಕಿದರು.

ವರಪೂಜೆಯ ದಿನ ಮಧ್ಯಾಹ್ನ ಮದ್ದೂರು ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿದ ಗಂಡಿನ ಕಡೆಯವರನ್ನು ಬಸ್ಸಿಗೆ ಹತ್ತಿಸಿಕೊಂಡೆವು. ಅವರಲ್ಲಿ ಮದುಮಗನ ಸೋದರಮಾವ ಎಂಬ ಮಹಾನುಭಾವರಿದ್ದರು. ಹಾರ ಹಾಕುವಾಗ ಎಸಳು ಉದುರಿದ್ದಕ್ಕೇ ಮುಖ ಗಂಟಿಕ್ಕಿದ್ದವರು. ದೀಪ ಹಚ್ಚುವ ಹೊತ್ತಿಗೆ ಮಳವಳ್ಳಿ ಸೇರಿ ವರಪೂಜೆ ಆಗಬೇಕು. ಕಾಳಮುದ್ದನದೊಡ್ಡಿ ದಾಟಿದ್ದೆವು, ಅಷ್ಟೆ. ಬಸ್ಸಿನ ಹೊಟ್ಟೆಯೊಳಗಿಂದ ನಾಯಿ ಊಳಿಟ್ಟಂಥ ಸದ್ದು. ಸಾಬರು ತಟ್ಟನೆ ನಿಲ್ಲಿಸಿ ಬಸ್ಸಿನಡಿಗೆ ತೂರಿದರು. ನಾನೂ ಇಳಿದು ಹಿಂದಕ್ಕೆ ನೋಡಿದೆ. ರಸ್ತೆಯುದ್ದಕ್ಕೂ ಕರ್ರಗೆ ಆಯಿಲಿನ ಗೆರೆ. ನನ್ನ ಚಪ್ಪಲಿಯ ಬಿಲ್ಲೆ ಮೆದುವಾಗಿ ಕೈಬಿಟ್ಟಿತ್ತು. ತಂಗಿಯ ಮದುವೆ ನನ್ನಿಂದಲೇ ಕೆಟ್ಟಿತೆಂದುಕೊಂಡೆ.

"ಏನ್ರೀ ಇದು? ಹೆಣ್ಣು ಕೊಡೋರು ಹಿಂಗಾ ಕರ್ಕೊಂಡು ಹೋಗೋದು? ಮುಂದಿನ ರೈಲಿಗೆ ವಾಪಸ್ ಹೋಗ್ತೀವಿ!" ಸೋದರಮಾವ ಕೂಗಿದರು. ನಾನು ಬಾಯಿ ತೆರೆಯುವ ಮೊದಲೇ ಅಡಿಯಿಂದ ಸಾಬರ ದನಿ ಬಂತು: "ಕಲ್ಲು ಬಡೀತು ಸ್ವಾಮಿ. ರಸ್ತೆ ತಪ್ಪು, ಯಾರ್ದೂ ಅಲ್ಲ."

ಹೊರಬಂದವರೇ ತಮ್ಮ ಸೀಟಿನಡಿಯಿಂದ ಒಂದು ಡಬ್ಬ ಎಳೆದರು. ನಾನು ಚೆಲ್ಲಲು ಹೇಳಿದ್ದ ಹಳೆಯ ಆಯಿಲ್! ಬಟ್ಟೆಯಲ್ಲಿ ಸೋಸಿ ಇಟ್ಟಿದ್ದರು. ಇನ್ನು ಬಿಲ್ಲೆ? ಸಾಬರು ಸುತ್ತ ನೋಡಿ, "ಯಾರತ್ರನಾದ್ರೂ ತೂತಿನ ಕಾಸು ಅದಾ?" ಎಂದರು. ತಾಮ್ರ ಉಳಿಸಲೆಂದು ಸರ್ಕಾರ ನಡುವೆ ದೊಡ್ಡ ತೂತು ಹೊಡೆದ ಕಾಸು ಬಿಟ್ಟಿದ್ದ ಕಾಲ. ಎಲ್ಲರೂ ಜೇಬು ತಡಕಿದರು. ಕಡೆಗೆ ಕಾಸು ಸಿಕ್ಕಿದ್ದು ಸೋದರಮಾವನ ಎಲೆಯಡಿಕೆ ಸಂಚಿಯಲ್ಲಿ. "ತಗೋಳಪ್ಪ, ಇದೊಂದು ಬಾಕಿಯಿತ್ತು" ಎಂದು ಗೊಣಗುತ್ತ ಕೊಟ್ಟರು.

ಅಷ್ಟು ದೊಡ್ಡ ತೂತೂ ಆ ದಪ್ಪ ತಿರುಪಿಗೆ ಚಿಕ್ಕದಾಯಿತು. ಸಾಬರು ಕಾಸನ್ನು ಇಕ್ಕಳದಲ್ಲಿ ಕಚ್ಚಿಸಿ, ಅರದಿಂದ ತೂತನ್ನು ಉಜ್ಜಿ ಅಗಲಿಸತೊಡಗಿದರು. ಜರಿಪೇಟದ ಮದುಮಗ ತಾನಾಗಿಯೇ ಇಳಿದು ಬಂದು ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತು ಇಕ್ಕಳ ಹಿಡಿದ. ಇದ್ದಿಲ ಪುಡಿ ಅವನ ರೇಷ್ಮೆ ಅಂಗಿಗೆ ಹಾರಿತು. ಅವನು ಒರೆಸಿಕೊಳ್ಳಲೂ ಇಲ್ಲ. ಜಯಳ ಅದೃಷ್ಟ ಒಳ್ಳೆಯದು ಎಂದು ನನಗೆ ಅನ್ನಿಸಿದ್ದು ಆ ಗಳಿಗೆಯಲ್ಲಿ. ಕಾಸನ್ನು ಬಸ್ಸಿನ ಒಲೆಯಲ್ಲೇ ಕಾಯಿಸಿ, ನೀರಿಗೆ ಅದ್ದಿ, ತಿರುಪಿನ ಕೊರಳಿಗೆ ಹಾಕಿ ಬಿಗಿದರು. ಆಯಿಲ್ ತುಂಬಿದರು. ಒಂದು ಹನಿ ಸೋರಲಿಲ್ಲ. "ನನ್ನ ಕಾಸು ಕಣ್ರೀ ಅದು!" ಎಂದು ಸೋದರಮಾವ ದಾರಿಯುದ್ದಕ್ಕೂ ಹೇಳಿಕೊಂಡು ಬಂದರು, ಮಳವಳ್ಳಿ ತಲಪುವಷ್ಟರಲ್ಲಿ ಬಸ್ಸು ಹೆಚ್ಚುಕಮ್ಮಿ ಅವರದೇ ಆಗಿಬಿಟ್ಟಿತ್ತು.

ಅಪ್ಪ ಚಪ್ಪರದ ಬಾಗಿಲಲ್ಲೇ ನಿಂತಿದ್ದರು. "ಯಾಕ್ಲಾ ಇಷ್ಟೊತ್ತು? ಏನ್ಲಾ ಆಯ್ತು?" ನಿಜ ಹೇಳಲು ನಾನು ಹೊರಟೆ. ಸಾಬರು ಮುಂದೆ ಬಂದರು. "ಗೇರ್‌ಬಾಕ್ಸು ತೊಂದ್ರೆ ಕೊಡ್ತು. ಚಿಕ್ಕೆಜಮಾನ್ರು ಪಕ್ಕದಾಗೇ ನಿಂತಿದ್ದು ಎಲ್ಲಾ ಮಾಡುಸುದ್ರು." ಅದರಲ್ಲಿ ಸುಳ್ಳೇನೂ ಇರಲಿಲ್ಲ, ನಾನು ಪಕ್ಕದಲ್ಲೇ ನಿಂತಿದ್ದೆ, ನಡುಗುತ್ತ. ಆವತ್ತು ರಾತ್ರಿ ಪಂಕ್ತಿಯಲ್ಲಿ ಸಾಬರ ಎಲೆಗೆ ನಾನೇ ಬಡಿಸಿದೆ. ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತಲೇ ಇದ್ದಾಗ, "ಸಾಕು ಬುಡಿ, ಸೋರೋಯ್ತದೆ" ಎಂದು ನಕ್ಕರು.

ಅಪ್ಪನಿಗೆ ಮಾತ್ರ ಮಗ ಕಡೆಗೂ ಒಂದು ವಿದ್ಯೆ ಕಲಿತನೆಂಬ ಸಂಭ್ರಮ. ಯಾವ ಭಾಗ ಉಳಿಸಬೇಕು, ಯಾವುದು ಹೊಸದಾಗಬೇಕು ಎಂದು ತೀರ್ಮಾನಿಸುವ ಅಧಿಕಾರವನ್ನು ನನಗೇ ಒಪ್ಪಿಸಿಬಿಟ್ಟರು. ಆಮೇಲೆ ಎಷ್ಟೋ ವರ್ಷ ನಾನು ಗಂಭೀರವಾಗಿ ಬಸ್ಸಿನಡಿಗೆ ಬಗ್ಗಿ, ಹುಬ್ಬು ಗಂಟಿಕ್ಕಿ, ಬಹಳ ಹೊತ್ತು ಪರಿಶೀಲಿಸುತ್ತಿದ್ದೆ. ಜನ ಮರ್ಯಾದೆಯಿಂದ ದೂರ ನಿಂತು ನೋಡುತ್ತಿದ್ದರು. ಅಲ್ಲಿ ನಾನು ಪರಿಶೀಲಿಸುತ್ತಿದ್ದುದು ಗೌಸ್ ಸಾಬರ ಮುಖವನ್ನು; ಅವರು ತಲೆ ಯಾವ ಕಡೆಗೆ ಆಡಿಸಿದರೋ ಅದೇ ನನ್ನ ತೀರ್ಮಾನ.