ಭಾನುವಾರ ಐದು ಗಂಟೆಯ ರೇಸು

ಶನಿವಾರ ಮಗಳು ಫೋನಿನಲ್ಲಿ ಆಡಿದ ಒಂದೇ ಒಂದು ಮಾತಿನಿಂದ ಇಷ್ಟೆಲ್ಲ ಆಯಿತು. ಬೇರೆ ಊರಿನಲ್ಲಿ ನರ್ಸಿಂಗ್ ಓದುತ್ತಿದ್ದ ಅವಳಿಗೂ ಅಪ್ಪನಿಗೂ ನಡೆಯುತ್ತಿದ್ದ ಮಾತುಕತೆ ಬಹಳ ಚಿಕ್ಕದು. ಹುಷಾರಾಗಿದೀಯಾ ಅಂತ ಅವರು ಕೇಳುತ್ತಿದ್ದರು, ಇದೀನಿ ಅಂತ ಅವಳು ಹೇಳುತ್ತಿದ್ದಳು, ಆಮೇಲೆ ಫೋನು ಅಮ್ಮನ ಕೈಗೆ ಹೋಗುತ್ತಿತ್ತು. ಆ ದಿನ ಮಾತ್ರ ಅವಳು, ನಾಳೆ ಸಂಜೆ ಐದಕ್ಕೆ ಹಾಸ್ಟೆಲಿನ ಇಬ್ಬರು ಗೆಳತಿಯರ ಜೊತೆ ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡ್ತೀನಿ, ನಾಲ್ಕನೆಯವರೊಬ್ಬರು ಬೇಕು, ನೀನೇ ಬಾರಪ್ಪ ಅಂದಳು. ಅಪ್ಪ ಹಿಂದೆಮುಂದೆ ನೋಡದೆ ಒಪ್ಪಿಕೊಂಡುಬಿಟ್ಟರು.

ಅಪ್ಪನ ಕೆಲಸ ಡ್ರೈವಿಂಗ್ ಸ್ಕೂಲಿನಲ್ಲಿ. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಡಿಯ ಎರಡನೇ ಬ್ರೇಕು ಒತ್ತುತ್ತಲೇ ಇಪ್ಪತ್ತೆರಡು ವರ್ಷ ಕಳೆದಿದ್ದರು. ಬೀದಿಯಲ್ಲಿ ಎಲ್ಲರೂ ಅವರನ್ನು ಬ್ರೇಕ್ ಮೇಷ್ಟ್ರು ಅನ್ನುತ್ತಿದ್ದರು. ಸೋಫಾದ ಮೇಲೆ ಟಿವಿ ನೋಡುವಾಗಲೂ ಅವರ ಬಲಗಾಲು ಆಗಾಗ ನೆಲವನ್ನು ಒತ್ತುತ್ತಿತ್ತು.

ಮನೆಯ ಕಂಪ್ಯೂಟರಿಗೆ ಒಂಬತ್ತು ವರ್ಷ. ಮೇಷ್ಟ್ರ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು, ಗಿರಾಕಿಗಳ ಅಳತೆ ಬರೆದಿಡಲು ಅದನ್ನು ತಂದದ್ದು. ಆನ್ ಮಾಡಿ, ಸ್ನಾನ ಮುಗಿಸಿ ಬಂದರೂ ಅದು ಇನ್ನೂ ಕಣ್ಣುಜ್ಜಿಕೊಳ್ಳುತ್ತಲೇ ಇರುತ್ತಿತ್ತು. ಭಾನುವಾರ ಬೆಳಿಗ್ಗೆ ಮೇಷ್ಟ್ರು ಮಗಳು ಹೇಳಿದ ಆಟವನ್ನು ಹಾಕಲು ಹೋದರೆ, ಬಾಡಿಗೆ ಮನೆ ಕೇಳಿ ಬಂದವನಿಗೆ ಮಾಲೀಕ ಷರತ್ತು ಓದುವ ಹಾಗೆ ಪರದೆಯ ಮೇಲೆ ಪಟ್ಟಿ ಬಂತು. ಇದಿಲ್ಲ, ಅದು ಸಾಲದು, ಇನ್ನೊಂದು ಬಹಳ ಹಳೆಯದು.

ಹೆಂಡತಿ ಪಟ್ಟಿ ನೋಡಿದರು. ಕಿಟಕಿ ಪರದೆಗೆ ಅಂತ ಎತ್ತಿಟ್ಟ ದುಡ್ಡಿದೆ, ಅಷ್ಟರೊಳಗೇ ಎಲ್ಲ ಮುಗಿಯಬೇಕು ಅಂದರು. ಜೊತೆಗೆ ಇನ್ನೊಂದು ಷರತ್ತು ಹಾಕಿ, ಹಳೆಯ ಹಾರ್ಡ್ ಡಿಸ್ಕನ್ನು ಆಗಲೇ ಬಿಚ್ಚಿಸಿ ತಮ್ಮ ಕೈಗೆ ತೆಗೆದುಕೊಂಡರು.

"ಇನ್ನೂರು ಜನರ ಅಳತೆ ಇದರಲ್ಲಿದೆ ರೀ. ನಿಮ್ಮ ರೇಸಿನಲ್ಲಿ ಯಾರದಾದ್ರೂ ಸೊಂಟ ಕಳೆದುಹೋದ್ರೆ ನಾನು ಎಲ್ಲಿಂದ ತಂದುಕೊಡ್ಲಿ?"

ಡಿಸ್ಕು ಒಡವೆಗಳ ಜೊತೆ ಬೀರುವಿನೊಳಗೆ ಹೋಯಿತು.

ಮೇಷ್ಟ್ರು ಸ್ಕೂಟರ್ ಹೊರಗೆ ತೆಗೆಯುವಷ್ಟರಲ್ಲಿ ಮೇಲಿನ ಮನೆಯವರು ಚಪ್ಪಲಿ ಮೆಟ್ಟಿಕೊಂಡು ಇಳಿದು ಬಂದರು. ಮೂವತ್ತೈದು ವರ್ಷ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದಿ ನಿವೃತ್ತರಾದವರು. ವೈರು ಇರುವ ಯಾವ ವಸ್ತುವೂ ತಮ್ಮ ಇಲಾಖೆಗೇ ಸೇರಿದ್ದೆಂದು ಅವರ ನಂಬಿಕೆ. ಕೇಳದೆಯೇ ಹಿಂದಿನ ಸೀಟಿನಲ್ಲಿ ಕೂತರು.

ಹಳೇ ಕಂಪ್ಯೂಟರ್ ಸಾಮಾನು ಮಾರುವ ಅಂಗಡಿಯಾಕೆ ಮೇಷ್ಟ್ರ ಬಳಿ ಡ್ರೈವಿಂಗ್ ಕಲಿತವಳು. ಟೆಸ್ಟು ಪಾಸಾಗಿದ್ದು ನಾಲ್ಕನೇ ಸಲ, ಆದರೂ ಅವರ ಮೇಲೆ ಗೌರವ ಉಳಿಸಿಕೊಂಡಿದ್ದಳು. ಮೇಷ್ಟ್ರು ಫೋನಿನಲ್ಲಿ ತೆಗೆದುಕೊಂಡು ಹೋಗಿದ್ದ ಕಂಪ್ಯೂಟರಿನ ಫೋಟೋಗಳನ್ನು ಹಿಗ್ಗಿಸಿ ನೋಡಿ, ಪ್ರೊಸೆಸರಿಗೆ ಇನ್ನೂ ದಮ್ಮಿದೆ, ಅದನ್ನು ಮುಟ್ಟುವುದು ಬೇಡ ಅಂದಳು. ಒಂದಿಷ್ಟು ರ‍್ಯಾಮು, ಬೇಗ ಓಡುವ ಹೊಸ ಡಿಸ್ಕು, ಚಿತ್ರ ಮೂಡಿಸಲು ಯಾರೋ ಬಳಸಿ ಬಿಟ್ಟ ಚಿಕ್ಕದೊಂದು ಗ್ರಾಫಿಕ್ಸ್ ಕಾರ್ಡು, ಇಷ್ಟಿದ್ದರೆ ಸಾಕು. ಮೂರೂ ಸೇರಿ ಕಿಟಕಿ ಪರದೆಯ ದುಡ್ಡಿನೊಳಗೇ ಬಂತು. ಮೇಷ್ಟ್ರ ಮುಖ ಅರಳಿತು.

ಅಷ್ಟರಲ್ಲಿ ಮೀಟರಿನವರ ಕಣ್ಣು ಗಾಜಿನ ಕಪಾಟಿನಲ್ಲಿದ್ದ ಮೊಣಕೈಯುದ್ದದ ಕಾರ್ಡಿನ ಮೇಲೆ ಬಿತ್ತು. ಅದಕ್ಕೆ ಮೂರು ಫ್ಯಾನು. ಬೆಲೆ ಚಿಕ್ಕ ಕಾರ್ಡಿನಷ್ಟೇ. ಅದು ಹಳೆಯದು, ಬಹಳ ಕರೆಂಟು ತಿನ್ನುತ್ತೆ, ನಿಮ್ಮ ಡಬ್ಬಿಯೊಳಗೆ ಹಿಡಿಸೋದೂ ಕಷ್ಟ ಅಂತ ಅಂಗಡಿಯಾಕೆ ಹೇಳಿ ನೋಡಿದಳು.

"ಕರೆಂಟಿನ ವಿಷಯ ನನಗೆ ಬಿಡಮ್ಮ," ಅಂದರು ಮೀಟರಿನವರು. "ಒಂದೇ ದುಡ್ಡಿಗೆ ಮೂರು ಬಿಟ್ಟು ಒಂದು ಫ್ಯಾನು ತಗೊಳ್ಳೋರು ಯಾರಾದ್ರೂ ಇದಾರಾ?"

ಮೇಷ್ಟ್ರಿಗೂ ಹೌದಲ್ಲ ಅನ್ನಿಸಿತು, ದೊಡ್ಡದನ್ನೇ ಕೊಂಡರು. ಹೊಸ ಡಿಸ್ಕಿಗೆ ಬೇಕಾದದ್ದನ್ನೂ ಆಟವನ್ನೂ ಅಂಗಡಿಯಲ್ಲೇ ತುಂಬಿಸಿಕೊಂಡರು. ಡಬ್ಬಿ ತಂದರೆ ನಾನೇ ಜೋಡಿಸಿಕೊಡ್ತೀನಿ ಅಂತ ಅವಳು ಅಂದದ್ದಕ್ಕೆ ಮೀಟರಿನವರು, ನಾಲ್ಕು ಸ್ಕ್ರೂ ತಿರುಗಿಸೋಕೆ ಇನ್ನೊಬ್ಬರು ಯಾಕೆ ಅಂತ ಮೇಷ್ಟ್ರ ಪರವಾಗಿ ಉತ್ತರ ಕೊಟ್ಟರು.

ಮನೆಗೆ ಬಂದು ನೋಡಿದರೆ ಕಾರ್ಡು ಎರಡು ಬೆರಳು ಉದ್ದವಾಯಿತು. ಹೀಗೆ ಇಟ್ಟರು, ಹಾಗೆ ಇಟ್ಟರು, ಓರೆಯಾಗಿ ತೂರಿಸಿ ನೋಡಿದರು. ಚಿಕ್ಕ ಮೆಟ್ಟಿಲಿನಲ್ಲಿ ದೊಡ್ಡ ಮಂಚ ಸಿಕ್ಕಿಕೊಂಡ ಹಾಗೆ ಅದು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಸದ್ದು ಕೇಳಿ ಪಕ್ಕದ ಮನೆಯ ಬಡಗಿ ಕಾಂಪೌಂಡಿನ ಮೇಲಿಂದ ಇಣುಕಿದ. ಅಲ್ಲೇ ನಿಂತು ಕಣ್ಣಳತೆಯಲ್ಲೇ ತೀರ್ಮಾನ ಕೊಟ್ಟ.

"ವಸ್ತು ದೊಡ್ಡದಾಗಿಲ್ಲ ಮೇಷ್ಟ್ರೇ, ಪೆಟ್ಟಿಗೆ ಚಿಕ್ಕದಾಗಿದೆ."

ಗರಗಸ ತಂದ. ಒಳಗಿನ ತಗಡಿನ ಗೂಡೊಂದನ್ನು ಕತ್ತರಿಸಿದ. ಅದೂ ಸಾಲದೆ ಮುಂಭಾಗದಲ್ಲಿ ಅಂಗೈಯಗಲದ ಕಿಂಡಿ ತೆಗೆದ. ಕೆಲಸ ಅಚ್ಚುಕಟ್ಟಾಗಿತ್ತು, ಅಂಚಿಗೆ ಮರಳುಕಾಗದವನ್ನೂ ಉಜ್ಜಿದ. ಕಾರ್ಡಿನ ಬಾಲ ಕಿಂಡಿಯಿಂದ ಹೊರಗೆ ಚಾಚಿಕೊಂಡು, ಕಂಪ್ಯೂಟರು ನಾಲಗೆ ಹೊರಗೆ ಹಾಕಿದ ನಾಯಿಯ ಹಾಗೆ ಕಾಣಿಸಿತು. ಹೆಂಡತಿ ಹೊಲಿಗೆ ಮೆಷಿನ್ನು ನಿಲ್ಲಿಸಿ ಬಂದು ನೋಡಿ, ಹೋಗಿ ಬೀರುವಿಗೆ ಬೀಗ ಹಾಕಿದರು.

ನಾಲ್ಕು ಗಂಟೆಗೆ ಸ್ವಿಚ್ ಹಾಕಿದರು. ಮೂರೂ ಫ್ಯಾನು ಒಟ್ಟಿಗೆ ತಿರುಗಿ, ಮೇಜಿನ ಮೇಲಿನ ಕಾಗದಗಳು ಹಾರಿದವು. ಮೀಟರಿನವರು ಹೆಮ್ಮೆಯಿಂದ ಸುತ್ತ ನೋಡುವಷ್ಟರಲ್ಲಿ ಒಳಗಿನಿಂದ ಟಪ್ ಅಂತ ಸದ್ದು ಬಂದು ಎಲ್ಲ ನಿಂತುಹೋಯಿತು. ಮತ್ತೆ ಹಾಕಿದರು, ಮತ್ತೆ ಟಪ್. ಮೂರನೇ ಸಲ ಮೀಟರಿನವರು ದೂರ ನಿಂತು, ಪವರ್ ಸಪ್ಲೈಗೆ ಇಷ್ಟು ಭಾರ ಎಳೆಯೋಕೆ ಆಗ್ತಿಲ್ಲ, ಇದನ್ನು ಅಂಗಡಿಯವರು ಮೊದಲೇ ಹೇಳಬೇಕಿತ್ತು ಅಂದರು.

ಮೇಷ್ಟ್ರು ಗಡಿಯಾರ ನೋಡಿದರು. ಮಗಳು ತಾನಾಗಿ ಕರೆದದ್ದು ಇದೇ ಮೊದಲು. ಒಂದು ಸಲ ತಪ್ಪಿಸಿದರೆ ಅವಳು ಇನ್ನೊಮ್ಮೆ ಕರೆಯುತ್ತಾಳೆಂದು ಅವರಿಗೆ ಧೈರ್ಯವಿರಲಿಲ್ಲ. ಡಬ್ಬಿಯನ್ನೇ ಎತ್ತಿಕೊಂಡು ಸ್ಕೂಟರಿನ ಕಡೆ ನಡೆದರು. ಹಿಂದೆ ಮೀಟರಿನವರು ಅದನ್ನು ಹಸುಗೂಸಿನ ಹಾಗೆ ತಬ್ಬಿಕೊಂಡು ಕೂತರು.

ಅಂಗಡಿಯಾಕೆ ಚಿಕ್ಕ ಕಾರ್ಡನ್ನು ಆಗಲೇ ಬೇರೆ ಎತ್ತಿಟ್ಟಿದ್ದಳು. ನೀವು ಬಂದೇ ಬರ್ತೀರಿ ಅಂತ ಗೊತ್ತಿತ್ತು ಅಂದಳು. ಅದೃಷ್ಟಕ್ಕೆ ಏನೂ ಸುಟ್ಟಿರಲಿಲ್ಲ. ಕಾರ್ಡು ಬದಲಾಯಿಸಿ, ಹತ್ತೇ ನಿಮಿಷದಲ್ಲಿ ಜೋಡಿಸಿ, ಆಮೇಲೆ ಮುಂದಿನ ಕಿಂಡಿಯೊಳಗೆ ಬೆರಳಾಡಿಸಿ ನೋಡಿದಳು.

"ಇದೇನು ಮೇಷ್ಟ್ರೇ?"

"ಗಾಳಿಗೆ," ಅಂದರು ಮೇಷ್ಟ್ರು.

ಐದು ಗಂಟೆಗೆ ಐದು ನಿಮಿಷವಿರುವಾಗ ಕಂಪ್ಯೂಟರು ಮೇಜಿನ ಮೇಲಿತ್ತು. ಸ್ವಿಚ್ ಹಾಕಿ ಕೈ ತೆಗೆಯುವುದರೊಳಗೆ ಪರದೆ ಬೆಳಗಿತು. ಇಷ್ಟು ಬೇಗ ಎದ್ದದ್ದನ್ನು ಕಂಡು ಮೇಷ್ಟ್ರಿಗೆ ಅದು ತಮ್ಮದೇ ಕಂಪ್ಯೂಟರೋ ಅಲ್ಲವೋ ಅಂತ ಅನುಮಾನವೇ ಬಂತು. ಕುರ್ಚಿಯ ಹಿಂದೆ ಮೀಟರಿನವರು, ಬಡಗಿ, ಕೊರಳಿಗೆ ಅಳತೆ ಟೇಪು ಹಾಕಿಕೊಂಡ ಹೆಂಡತಿ ಮೂವರೂ ನಿಂತರು. ಪಕ್ಕದಲ್ಲಿಟ್ಟ ಫೋನಿನಿಂದ ಮಗಳ ದನಿ ಬಂತು. ಕೆಂಪು ಕಾರು ತನ್ನದು, ಉಳಿದೆರಡು ಗೆಳತಿಯರದ್ದು, ಬಿಳಿಯದು ನಿನ್ನದು ಅಂತ ವಿವರಿಸಿದಳು.

ಹಸಿರು ದೀಪ ಹತ್ತಿತು. ಮೂರು ಕಾರು ಬಾಣದ ಹಾಗೆ ಹೋದವು. ಮೇಷ್ಟ್ರು ಮೊದಲು ಕನ್ನಡಿ ನೋಡಿದರು, ಆಮೇಲೆ ಇಂಡಿಕೇಟರ್ ಎಲ್ಲಿದೆ ಅಂತ ಹುಡುಕಿದರು. ಸಿಗದಿದ್ದಾಗ ಮನಸ್ಸಿಲ್ಲದ ಮನಸ್ಸಿನಿಂದ ಹೊರಟರು. ಮೊದಲ ಸುತ್ತು ನಲವತ್ತರ ವೇಗದಲ್ಲೇ ಸಾಗಿತು. ಗೆಳತಿಯರು ಅವರನ್ನು ಎರಡು ಸಲ ದಾಟಿಹೋದರು. ಸ್ವಲ್ಪ ಒತ್ರೀ ಅಂದರು ಹೆಂಡತಿ.

ಮೇಷ್ಟ್ರು ಒತ್ತಿದರು. ಎಂಬತ್ತಾಯಿತು, ನೂರಾಯಿತು, ನೂರೈವತ್ತಾಯಿತು. ಪಕ್ಕದ ಸೀಟಿನಲ್ಲಿ ಬೆವರುವವರು ಯಾರೂ ಇರಲಿಲ್ಲ. ಇಪ್ಪತ್ತೆರಡು ವರ್ಷ ಒಳಗೆ ಅದುಮಿಟ್ಟಿದ್ದ ಏನೋ ಒಂದು ಎದೆಯಲ್ಲಿ ಗುಯ್‌ಗುಟ್ಟಿತು. ತಾವು ನಗುತ್ತಿದ್ದೇವೆಂಬುದು ಅವರಿಗೆ ಗೊತ್ತಾದದ್ದು ಕೆನ್ನೆ ನೋಯತೊಡಗಿದಾಗ.

ಆಗ ಮುಂದಿನ ತಿರುವಿನಲ್ಲಿ ಕೆಂಪು ಕಾರು ಗೋಡೆಗೆ ಬಡಿದು, ಎರಡು ಉರುಳು ಉರುಳಿ ಮಗುಚಿ ಬಿತ್ತು. ಹೊಗೆ ಎದ್ದಿತು. ಮೇಷ್ಟ್ರು ಅದೇ ವೇಗದಲ್ಲಿ ಅದನ್ನು ದಾಟಿದರು. ದಾಟಿದವರು ಬ್ರೇಕ್ ಹಾಕಿದರು. ಆಮೇಲೆ ಕತ್ತು ತಿರುಗಿಸಿ, ಕೋಣೆಯ ಗೋಡೆಯನ್ನೇ ನೋಡುತ್ತಾ, ರಿವರ್ಸ್ ತೆಗೆದುಕೊಂಡು ಬರತೊಡಗಿದರು. ಮುಂದೆ ಹೋಗಿ, ಮುಂದೆ ಹೋಗಿ ಅಂತ ಮೀಟರಿನವರೂ ಬಡಗಿಯೂ ಅಂದದ್ದು ಅವರ ಕಿವಿಗೆ ಬೀಳಲೇ ಇಲ್ಲ. ತಿರುವಿನಿಂದ ಪೂರ್ತಿ ವೇಗದಲ್ಲಿ ಬಂದ ಗೆಳತಿಯರ ಎರಡೂ ಕಾರುಗಳು ಒಂದರ ಹಿಂದೊಂದು ಬಿಳಿ ಕಾರಿಗೆ ಗುದ್ದಿದವು.

ಪರದೆ ಕಪ್ಪಾಯಿತು. ಅದರ ಮೇಲೆ ಕೆಂಪು ಅಕ್ಷರಗಳು ಮೂಡಿದವು. ಬಡಗಿ ಒಂದೊಂದೇ ಪದ ಕೂಡಿಸಿ, ಎಲ್ಲರಿಗೂ ಕೇಳುವಂತೆ ಓದಿದ. ವಿರುದ್ಧ ದಿಕ್ಕಿನಲ್ಲಿ ಅಪಾಯಕಾರಿ ಚಾಲನೆ. ಮೂರು ವಾಹನಗಳ ಅಪಘಾತಕ್ಕೆ ಕಾರಣ. ಚಾಲಕರ ಲೈಸೆನ್ಸು ಏಳು ದಿನ ಅಮಾನತು.

ಒಂದು ದಿನವೂ ದಂಡ ಕಟ್ಟಿದವರಲ್ಲ ಮೇಷ್ಟ್ರು. ಬೆಪ್ಪಾಗಿ ಕೂತರು.

"ಅಪ್ಪಾ, ರಿವರ್ಸ್ ಯಾಕೆ ಬಂದೆ?" ಅಂತ ಕೇಳಿತು ಫೋನು.

"ನೀನು ಮಗುಚಿಕೊಂಡಿದ್ಯಲ್ಲಮ್ಮ."

ಆ ಕಡೆ ಮೂವರು ಹುಡುಗಿಯರೂ ಬಿದ್ದು ಬಿದ್ದು ನಕ್ಕರು. ಕಾರು ಐದು ಸೆಕೆಂಡಿಗೆ ತಾನಾಗೇ ಎದ್ದು ನಿಲ್ಲುತ್ತೆ ಅಪ್ಪಾ ಅಂದಳು ಮಗಳು. ಅವಳ ದನಿ ಅಷ್ಟು ಮೆತ್ತಗಾದದ್ದನ್ನು ಮೇಷ್ಟ್ರು ಎಷ್ಟೋ ದಿನದಿಂದ ಕೇಳಿರಲಿಲ್ಲ. ಇನ್ನೂ ಏನೋ ಹೇಳುವವಳಿದ್ದಳು, ಅಷ್ಟರಲ್ಲಿ ಮೀಟರಿನವರು ಗಂಟಲು ಸರಿಮಾಡಿಕೊಂಡರು. ಅಮಾನತಾಗಿರುವುದು ಚಾಲಕರು ತಾನೆ, ಕಂಪ್ಯೂಟರಲ್ಲವಲ್ಲ ಅಂತ ಅವರ ಪ್ರಶ್ನೆ. ನಾಲ್ಕನೆಯವರು ಬೇಕೇ ಬೇಕಿತ್ತು. ಮಗಳು ಅವರ ಹೆಸರಿನಲ್ಲಿ ಹೊಸ ಖಾತೆ ಮಾಡುವುದು ಹೇಗೆಂದು ಹೇಳಿಕೊಟ್ಟಳು, ಮೇಷ್ಟ್ರು ಎದ್ದು ಕುರ್ಚಿ ಬಿಟ್ಟುಕೊಟ್ಟರು.

ಬ್ರೇಕು ಯಾವುದೆಂದು ಮೀಟರಿನವರು ಕೇಳಲೇ ಇಲ್ಲ. ಮೊದಲ ರೇಸಿನಲ್ಲಿ ಮೂರನೆಯವರು, ಮುಂದಿನದರಲ್ಲಿ ಎರಡನೆಯವರಾದರು. ಅಂಕಲ್, ನೀವು ಎಲ್ಲಿದ್ರಿ ಇಷ್ಟು ದಿನ, ಮುಂದಿನ ಭಾನುವಾರ ಐದಕ್ಕೆ ಸರಿಯಾಗಿ ಬಂದುಬಿಡಿ ಅಂದಳು ಮಗಳು. ತನ್ನ ಸರದಿಗೆ ಬಡಗಿ ಮುಕ್ಕಾಲಿ ಎಳೆದುಕೊಂಡು ಕೂತ.

ಅಡಿಗೆಮನೆಯಲ್ಲಿ ಮೇಷ್ಟ್ರು ನಾಲ್ಕು ಲೋಟ ಟೀಗೆ ನೀರಿಟ್ಟು, ಬೆರಳು ಮಡಿಸಿ ಲೆಕ್ಕ ಹಾಕಿದರು. ಅಮಾನತಾದದ್ದು ಐದು ಗಂಟೆ ಹನ್ನೊಂದು ನಿಮಿಷಕ್ಕೆ. ಏಳು ದಿನ ಕಳೆದು ಲೈಸೆನ್ಸು ವಾಪಸು ಸಿಗುವುದು ಮುಂದಿನ ಭಾನುವಾರ, ರೇಸು ಶುರುವಾಗಿ ಹನ್ನೊಂದು ನಿಮಿಷ ಆದ ಮೇಲೆ.

ಮತ್ತೊಮ್ಮೆ ಬೆರಳು ಮಡಿಸಿ ನೋಡಿದರು. ಲೆಕ್ಕ ಸರಿಯಾಗಿಯೇ ಇತ್ತು. ಹೊರಗಿನ ಕೋಣೆಯಿಂದ, ಪರದೆಯ ಮೇಲಿನ ಕಣ್ಣು ಕೀಳದೆ, ಮೀಟರಿನವರು ಕೂಗಿ ಹೇಳಿದರು.

"ಮೇಷ್ಟ್ರೇ, ನನಗೆ ಸಕ್ಕರೆ ಕಮ್ಮಿ."